ಎರಡು ಕೈಯ ಕೆಲಸ

ಆ ವರ್ಷ ಏಪ್ರಿಲ್ ಹೊತ್ತಿಗೆ ಬೀದರಿನ ಚಿದ್ರಿ ರಸ್ತೆಯ ಓಣಿಗಳಿಗೆ ಐದು ದಿನಕ್ಕೊಮ್ಮೆ ನೀರಿನ ಟ್ಯಾಂಕರ್ ಬರುತ್ತಿತ್ತು. ತಿರುವಿನಲ್ಲಿ ಗಾಡಿಯ ಸದ್ದು ಕೇಳಿದರೆ ಸಾಕು, ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಕೊಡ ಹಿಡಿದು ಹೊರಗೆ ಓಡುತ್ತಿದ್ದರು. ಆ ಮಂಗಳವಾರ ಶಾಲುಬಾಯಿಯೂ ಎರಡು ಕೊಡ ಹಿಡಿದು ಓಡಿ ಬಂದಳು. ಬಂದದ್ದು ಟ್ಯಾಂಕರ್ ಅಲ್ಲ. ನೆಲಕ್ಕೆ ಹೊಟ್ಟೆ ತಾಗುವಂತಿದ್ದ, ಎರಡೇ ಸೀಟಿನ, ಕೆಂಪು ಬಣ್ಣ ಮಾಸಿದ ಹಳೆಯ ಸ್ಪೋರ್ಟ್ಸ್ ಕಾರು. ಒಂದೊಂದು ಗುಂಡಿಗೂ ಮುಂಭಾಗ ಟಕ್ ಟಕ್ ಎಂದು ಬಡಿಸಿಕೊಳ್ಳುತ್ತ, ಮೂಗು ಮೇಲೆ ಕೆಳಗೆ ಮಾಡುತ್ತ ಬಂದು ಅವಳ ಮನೆಯ ಮುಂದೆಯೇ ನಿಂತಿತು.

ಇಳಿದವನು ಭಾಲ್ಕಿಯ ಶಿವರಾಜಪ್ಪ. ಅಲ್ಲಿ ದೊಡ್ಡ ಕಿರಾಣಿ ಅಂಗಡಿಯವನು. ಹಣೆ ತುಂಬ ವಿಭೂತಿ, ಐವತ್ತರ ವಯಸ್ಸಿಗೆ ಹೊಸದಾಗಿ ಹತ್ತಿಕೊಂಡ ಕಾರಿನ ಹುಚ್ಚು. ಈ ಗಾಡಿಯನ್ನು ಹೈದರಾಬಾದಿನ ಯಾವುದೋ ಹಳೆಯ ಮನೆತನದವರಿಂದ ಕೊಂಡು ತಂದಿದ್ದ. ಬೀದರಿನ ಮೂರು ಗ್ಯಾರೇಜಿನವರು ನೋಡಿ ಕೈಮುಗಿದ ಮೇಲೆ, ಪುಣೆಯಲ್ಲಿ ವಿದೇಶಿ ಗಾಡಿ ಮಾಡಿದವನೊಬ್ಬ ಊರಿಗೆ ಮರಳಿದ್ದಾನೆಂದು ಯಾರೋ ಅವನಿಗೆ ಮಚ್ಛೇಂದ್ರನ ನಂಬರು ಕೊಟ್ಟಿದ್ದರು.

ಮಚ್ಛೇಂದ್ರ ಶಾಲುಬಾಯಿಯ ಗಂಡ. ಹೊಸ್ತಿಲು ದಾಟುವ ಮುನ್ನ ಅವನು ಹೆಗಲ ಮೇಲಿನ ಟವೆಲನ್ನು ಬಲಗೈಗೆ ಸುತ್ತಿಕೊಂಡ.

"ಮಚ್ಛೇಂದ್ರ ಅಂದ್ರ ನೀನೇ ಏನು?"

"ಹೌದ್ರಿ ಸಾವ್ಕಾರ್ರ."

"ಇಂಥಾ ಗಾಡಿ ಮಾಡೀನಂತ ಫೋನಿನ್ಯಾಗ ಹೇಳ್ದಿ. ಖರೇ ಏನು?"

ಮಚ್ಛೇಂದ್ರ ಉತ್ತರ ಕೊಡುವ ಬದಲು ಎಡಗೈಯನ್ನು ಕಾರಿನ ಮೂಗಿನ ಮೇಲಿಟ್ಟು ಒಮ್ಮೆ ಬಲವಾಗಿ ಅದುಮಿ ಬಿಟ್ಟ. ಕಾರು ನಾಲ್ಕೈದು ಸಲ ಮೇಲೆ ಕೆಳಗೆ ಕುಣಿಯಿತು.

"ನೋಡ್ರಿ, ಹ್ಯಾಂಗ ಕುಣೀಲತ್ತದ. ಒಂದೇ ಸಲಕ್ಕ ನಿಂದರಬೇಕು. ಮುಂದಿನ ಎರಡೂ ಸ್ಟ್ರಟ್ ಎಣ್ಣಿ ಕಾರಿಕೊಂಡು ಸತ್ತಾವ್ರಿ. ಸಾಮಾನು ತಂದೀರೇನು?"

ಶಿವರಾಜಪ್ಪ ಹಿಂದಿನಿಂದ ಎರಡು ಉದ್ದನೆಯ ಡಬ್ಬಿ ತೆಗೆದ. ಸ್ಟ್ರಟ್ ಎಂದರೆ ಗಾಡಿಯ ಭಾರ ಹೊರುವ ದಪ್ಪ ಸ್ಪ್ರಿಂಗು, ಅದರ ನಡುವೆ ನಿಂತ ಶಾಕ್ ಅಬ್ಸಾರ್ಬರ್ ಕಂಬ, ಎರಡೂ ಸೇರಿ ಒಂದು. ಸ್ಪ್ರಿಂಗು ಹಳೆಯದೇ ನಡೆಯುತ್ತದೆ, ಕಂಬ ಬದಲಿಸಬೇಕು.

"ಇದು ಜಪಾನಿಂದ ತರಿಸಿದ್ದು. ಹಾಳಾದ್ರ ಮತ್ತ ಸಿಗೂದಿಲ್ಲ. ಮತ್ತೊಬ್ಬರ ಕೈ ಹಚ್ಚಬ್ಯಾಡ. ನೀನೇ ಮಾಡಬೇಕು."

"ನನ್ನ ಕೈಲೇ ಮಾಡ್ತೇನ್ರಿ," ಅಂದ ಮಚ್ಛೇಂದ್ರ. ಟವೆಲಿನ ಗಂಟು ಬಲಗೈಯ ಮೇಲೆ ಬಿಗಿಯಾಗಿಯೇ ಇತ್ತು.

ಶಾಲುಬಾಯಿ ಒಳಗಿನಿಂದ ಒಂದು ಲೋಟ ನೀರು ತಂದಳು. ಐದು ದಿನದ ನೀರು ಅದು. ಶಿವರಾಜಪ್ಪ ಲೋಟವನ್ನೂ ನೋಡಿದ, ತೆರೆದ ಬಾಗಿಲಿನಾಚೆ ಗೋಡೆಯ ಮೇಲಿದ್ದ ಬಾಬಾಸಾಹೇಬರ ಫೋಟೋವನ್ನೂ ನೋಡಿದ. "ನೀರಡಿಕಿ ಇಲ್ಲ," ಅಂದ. ಆಮೇಲೆ ಓಣಿಯ ತುದಿಯ ಅಂಗಡಿಯಲ್ಲಿ ನಿಂತು ಅವನು ಬಾಟಲಿ ನೀರು ಕೊಂಡು ಗಟಗಟ ಕುಡಿದದ್ದನ್ನು ಅವಳು ಅಲ್ಲಿಂದಲೇ ಕಂಡಳು. ಶುಕ್ರವಾರ ಸಂಜೆಗೆ ಬರುತ್ತೇನೆಂದು ಹೇಳಿ ಅವನು ಟಂಟಂ ಆಟೋ ಹತ್ತಿ ಹೋದ.

ಆಗ ಶಾಲುಬಾಯಿ ಗಂಡನ ಕಡೆ ತಿರುಗಿ ಕೇಳಿದಳು: "ಹ್ಯಾಂಗ ಮಾಡ್ತೀರಿ?"

ಅವನು ಟವೆಲು ಬಿಚ್ಚಿದ. ಬಲಗೈಯಲ್ಲಿ ಉಳಿದದ್ದು ಹೆಬ್ಬೆರಳೊಂದೇ. ಉಳಿದ ನಾಲ್ಕೂ ಹಿಂದಿನ ಆಗಸ್ಟಿನಲ್ಲಿ ಪುಣೆಯ ಗ್ಯಾರೇಜಿನ ನೆಲದ ಮೇಲೆಯೇ ಹೋಗಿದ್ದವು. ಹತ್ತೊಂಬತ್ತು ವರ್ಷ ಅಲ್ಲಿ ದುಡಿದವನನ್ನು ಮಾಲಕ ಆಸ್ಪತ್ರೆಯ ಬಾಗಿಲಲ್ಲಿಯೇ ಕೈಬಿಟ್ಟಿದ್ದ. ಊರಿಗೆ ಬಂದವನು ಆ ಕೈ ಹೇಗೆ ಹೋಯಿತೆಂದು ಯಾರಿಗೂ ಹೇಳಲಿಲ್ಲ. ಶಾಲುಬಾಯಿಗೂ "ಮಷಿನ್ಯಾಗ ಸಿಕ್ತು" ಅಂದಿದ್ದ, ಅಷ್ಟೇ. ಅವಳು ಗಾಂಧಿ ಗಂಜ್ ಮಾರುಕಟ್ಟೆಯ ಬೇಳೆ ಮಿಲ್ಲೊಂದರಲ್ಲಿ ತೊಗರಿ ಹಸನು ಮಾಡಲು ಹೋಗುತ್ತಿದ್ದಳು. ಎರಡು ವರ್ಷ ತೊಗರಿ ಕೈಕೊಟ್ಟು ಗಂಜಿನ ತಕ್ಕಡಿಗಳು ಧೂಳು ಹಿಡಿದಿದ್ದವು. ಸಂಕ್ರಾಂತಿ ಆದ ಮೇಲೆ ಮಿಲ್ಲಿನ ಬಾಗಿಲೂ ಹಾಕಿತ್ತು.

"ಕೂಡು ಇಲ್ಲಿ," ಅಂದ ಮಚ್ಛೇಂದ್ರ, ಕಾರಿನ ಮುಂಗಾಲಿಯ ಪಕ್ಕ ನೆಲ ತೋರಿಸಿ. "ಇವತ್ತಿಂದ ನೀ ನನ್ನ ಕೈ. ಕೈಗಿ ಬಾಯಿ ಇರೂದಿಲ್ಲ. ತಿಳೀತೋ ಇಲ್ಲೋ?"

ನೆರೆಯವರು ನೋಡಬಾರದೆಂದು ಅವನು ಬೇವಿನ ಗಿಡದಿಂದ ಕಿಟಕಿಯ ಸರಳಿಗೆ ಹಗ್ಗ ಕಟ್ಟಿಸಿ, ಅವಳವೇ ಎರಡು ಸೀರೆ ಅಡ್ಡ ಹಾಕಿಸಿದ. ತನ್ನ ಸಾಮಾನಿನ ಪೆಟ್ಟಿಗೆಯನ್ನು ಕಾಲಿನಿಂದ ಅವಳ ಕಡೆ ನೂಕಿದ. ತಾನು ಕಬ್ಬಿಣದ ಅಳತೆಪಟ್ಟಿಯೊಂದನ್ನು ಎಡಗೈಯಲ್ಲಿ ಹಿಡಿದು ಕುರ್ಚಿಯ ಮೇಲೆ ಕುಳಿತ.

ಮೊದಲ ದಿನ ಅವಳು ನಟ್ಟು ಬೋಲ್ಟು ತಿರುವುವ ಪಾನಾಗಳ ನಂಬರು ಕಲಿತಳು. ಹದಿನಾಲ್ಕು ಕೇಳಿದರೆ ಹದಿನೇಳು ಕೊಟ್ಟಾಗ ಪಟ್ಟಿ ಬೆರಳ ಗೆಣ್ಣಿನ ಮೇಲೆ ಬೀಳುತ್ತಿತ್ತು. ಗಾಲಿಯ ನಟ್ಟುಗಳನ್ನು ಜಾಕು ಏರಿಸುವ ಮುನ್ನವೇ ಸಡಿಲು ಮಾಡಬೇಕೆಂಬುದು ಗೊತ್ತಿಲ್ಲದೆ ಮೊದಲು ಜಾಕು ಏರಿಸಿದ್ದಕ್ಕೆ ಎರಡು ಬಿದ್ದವು. ಅವಳು ಅಳಲಿಲ್ಲ. ಅತ್ತರೆ ಅವನಿಗೆ ಖುಷಿಯಾಗುತ್ತದೆ ಎಂಬುದು ಹನ್ನೆರಡು ವರ್ಷದಲ್ಲಿ ಅವಳು ಕಲಿತ ಪಾಠ.

"ಮಿಲ್ಲಿನ್ಯಾಗ ಹಳ್ಳು ಆರಿಸೂ ಕೈ ಇದು," ಅನ್ನುತ್ತಿದ್ದ ಅವನು. "ಈ ಕೈಗಿ ಪಾನಾ ಕೊಟ್ಟೀನಲ್ಲ, ನನ್ನ ನಸೀಬ್ ನೋಡು."

ಆದರೆ ಅದೇ ಕೈ ಅವಳಿಗೆ ಉಪಕಾರ ಮಾಡಿತು. ಬೇಳೆಯಲ್ಲಿ ಕಣ್ಣಿಗೆ ಕಾಣದ ಕಲ್ಲನ್ನು ಬೆರಳ ತುದಿಯಿಂದ ಹುಡುಕಿದ ಅಭ್ಯಾಸ. ಬೋಲ್ಟಿನ ಹಲ್ಲು ಸರಿಯಾಗಿ ಕೂತಿತೋ ಇಲ್ಲವೋ ಅವಳಿಗೆ ಮುಟ್ಟಿದೊಡನೆ ತಿಳಿಯುತ್ತಿತ್ತು. ಬುಧವಾರ ಮಧ್ಯಾಹ್ನದೊಳಗೆ ಎಡಗಾಲಿ ಬಿಚ್ಚಿ, ಕಾರನ್ನು ಕಟ್ಟಿಗೆಯ ದಿಮ್ಮಿಯ ಮೇಲೆ ಕೂರಿಸಿ, ಬ್ರೇಕಿನ ಪೈಪನ್ನು ಕೊಂಡಿಯಿಂದ ಬಿಡಿಸಿ ತಂತಿಯಿಂದ ಪಕ್ಕಕ್ಕೆ ಕಟ್ಟಿದಳು. ಕೆಳಗಿನ ಎರಡು ದೊಡ್ಡ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಬಿಚ್ಚುವ ಮುಂಚೆ ಅವು ಕೂತ ಜಾಗಕ್ಕೆ ಮೊಳೆಯಿಂದ ಗೆರೆ ಹಾಕಿಸಿದ ಅವನು: "ಇದೇ ಗೆರಿಗೆ ಮತ್ತ ಕೂಡಬೇಕು. ತಪ್ಪಿದ್ರ ಗಾಲಿ ಸೊಟ್ಟ ಓಡ್ತದ." ಮೂರು ಸಲ ಡೀಸೆಲ್ ಹನಿಸಿ, ಪಾನಾಕ್ಕೆ ಪೈಪು ಸಿಕ್ಕಿಸಿ, ಅದರ ಮೇಲೆ ಇಡೀ ಮೈಭಾರ ಹಾಕಿ ನಿಂತಾಗ ಬೋಲ್ಟು ಕಿರ್ ಎಂದು ತಿರುಗಿತು. ಅವಳ ಬಾಯಿಂದ ತಾನಾಗಿ ನಗು ಬಂತು.

"ನಗ್ತಿ ಯಾಕ? ಮ್ಯಾಲಿನ ಮೂರು ಬಿಚ್ಚು. ನಡೂವಿಂದು ಮುಟ್ಟಿಯಂದ್ರ ಕೈ ಮುರೀತೇನಿ."

ಬಾನೆಟ್ಟಿನ ಕೆಳಗೆ ಸ್ಟ್ರಟ್ಟಿನ ತಲೆಯ ಸುತ್ತ ಮೂರು ಸಣ್ಣ ನಟ್ಟು, ನಡುವೆ ಒಂದು ದೊಡ್ಡದು. ನಡುವಿನದನ್ನು ಯಾಕೆ ಮುಟ್ಟಬಾರದೆಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಮೂರನ್ನು ಬಿಚ್ಚಿ, ಹತ್ತು ಕಿಲೋ ತೂಗುವ ಆ ಕಂಬವನ್ನು ಎದೆಗೆ ಅವಚಿಕೊಂಡು ಹೊರಗೆ ತೆಗೆದಳು. ಹಳೆಯ ಎಣ್ಣೆ ಕುಪ್ಪಸದ ಮೇಲೆಲ್ಲ ಇಳಿಯಿತು.

ಇನ್ನು ಸ್ಪ್ರಿಂಗನ್ನು ಅದುಮಿ ಕಂಬದಿಂದ ಬಿಡಿಸಬೇಕಿತ್ತು. ಅದಕ್ಕೆ ಬೇಕಾದ ಎರಡು ಕೊಕ್ಕೆಯ ಸ್ಕ್ರೂಗಳನ್ನು ಮಚ್ಛೇಂದ್ರ ಲೇಥ್ ಅಂಗಡಿಯ ಕರೀಮ ಸಾಬರಿಂದ ಕೇಳಿ ತರಿಸಿದ್ದ. ಅವನು ಹೇಳಿದಂತೆ ಅವಳು ಸ್ಪ್ರಿಂಗಿನ ಎರಡೂ ಮಗ್ಗುಲಿಗೆ ಕೊಕ್ಕೆ ಸಿಕ್ಕಿಸಿದಳು. ಆಗ ಅವನು ಎದ್ದು ಕುರ್ಚಿಯನ್ನು ಎಳೆದುಕೊಂಡು ಬೇವಿನ ಬೊಡ್ಡೆಯ ಆಚೆಗೆ ಹಾಕಿ ಕುಳಿತ.

"ಬಿಸಿಲು ಬಂತು," ಅಂದ. "ಹಾಂ, ತಿರುವು. ಈ ಕಡಿಗಿ ಸ್ವಲ್ಪ, ಆ ಕಡಿಗಿ ಸ್ವಲ್ಪ."

ಅವಳು ಸ್ಪ್ರಿಂಗಿನ ಮೇಲೆ ಮುಖ ಬಾಗಿಸಿ ಕುಳಿತು ತಿರುವಿದಳು. ಒಂದೊಂದು ಸುತ್ತಿಗೂ ಕಬ್ಬಿಣ ಮುಲುಗುತ್ತಿತ್ತು. ಒಂದು ಕೊಕ್ಕೆ ಒಂದು ಬೆರಳಷ್ಟು ಜಾರಿ ಟಣ್ ಎಂದು ನಿಂತಿತು. ಅವಳು ಬೆಚ್ಚಿ ಗಿಡದ ಕಡೆ ನೋಡಿದಳು. ಬೊಡ್ಡೆಯ ಹಿಂದಿನಿಂದ ಅವನ ಅರ್ಧ ಮುಖ ಕಂಡಿತು, ಕಣ್ಣು ಮುಚ್ಚಿದ್ದವು.

"ಏನಾಯ್ತು? ತಿರುವು!"

ಅವಳು ತಿರುವಿದಳು. ಸ್ಪ್ರಿಂಗು ಅದುಮಿಕೊಂಡು ಕಂಬದ ಮೇಲೆ ಸಡಿಲಾಯಿತು. ನಡುವಿನ ನಟ್ಟು ಬಿಚ್ಚಿ, ಹೊಸ ಕಂಬಕ್ಕೆ ಹಳೆಯ ಸ್ಪ್ರಿಂಗು, ರಬ್ಬರು, ಬೇರಿಂಗು ಎಲ್ಲ ಏರಿಸಿ, ಸ್ಪ್ರಿಂಗಿನ ತುದಿಯನ್ನು ಅದರ ಗುಣಿಯಲ್ಲಿ ಕೂರಿಸಿ ಮತ್ತೆ ಕಟ್ಟಿದಳು. ಸಂಜೆಗೆ ಎಡಭಾಗ ಮುಗಿಯಿತು.

ಮರುದಿನ ಬೆಳಿಗ್ಗೆ ಕರೀಮ ಸಾಬರು ಕೊಕ್ಕೆ ವಾಪಸು ಕೇಳಲು ಬಂದರು. ಮಚ್ಛೇಂದ್ರ ಬಯಲಿಗೆ ಹೋಗಿದ್ದ. ಸೀರೆಯ ಮರೆ ಸರಿಸಿ ನೋಡಿದ ಮುದುಕರು ಅವಳ ಕಪ್ಪು ಕೈ ಕಂಡು ನಿಂತೇಬಿಟ್ಟರು.

"ಯಾ ಅಲ್ಲಾ. ನೀ ಮಾಡ್ಲತ್ತಿ ಏನು ಬೇಟಿ?"

"ಹೌದ್ರಿ ಚಾಚಾ. ಯಾರಿಗೂ ಹೇಳಬ್ಯಾಡ್ರಿ."

"ಸ್ಪ್ರಿಂಗಿಗೆ ಚೈನ್ ಎಲ್ಲಿ ಸುತ್ತಿದಿ?"

"ಯಾವ ಚೈನ್ರಿ?"

ಕರೀಮ ಸಾಬರು ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು ತಗ್ಗಿದ ದನಿಯಲ್ಲಿ ಹೇಳಿದರು. "ಈ ಕೊಕ್ಕಿ ಜಾರಿದ್ರ ಸ್ಪ್ರಿಂಗು ಬಂದೂಕಿನ ಗುಂಡಿನ್ಹಂಗ ಹಾರ್ತದ. ತಲಿ ಒಡೀತದ. ಚೈನ್ ಸುತ್ತಿ ಮಾಡಬೇಕು, ಮಾರಿ ಬಾಜೂಕ ಇಡಬೇಕು. ನಿನ್ನ ಗಂಡನ ಬೆರಳು ಮತ್ತ ಹ್ಯಾಂಗ ಹೋದ್ವು ಅಂತಿ? ಪುಣೆದಾಂವ ಒಬ್ಬ ಹೇಳ್ದ ನನಗ. ಇದೇ ಕೆಲಸ."

ಅವರು ತಮ್ಮ ಅಂಗಡಿಗೆ ಹೋಗಿ ಒಂದು ಚೈನು ತಂದು ಕೊಟ್ಟರು. ಕೊಕ್ಕೆಗಳನ್ನು ಇನ್ನೊಂದು ದಿನ ಇಟ್ಟುಕೋ ಅಂದರು.

ಮಚ್ಛೇಂದ್ರ ಬಂದಾಗ ಅವಳು ಚೈನನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು.

"ನಿಮಗ ಗೊತ್ತಿತ್ತು."

"ಏನು?"

"ಅದಕ್ಕೇ ಗಿಡದ ಹಿಂದ ಹೋಗಿ ಕೂತ್ರಿ."

ಅವನು ಸುಳ್ಳು ಹೇಳಬಹುದೆಂದು ಅವಳು ಕಾದಳು. ಸುಳ್ಳು ಹೇಳಿದ್ದರೆ ಅವಳು ನಂಬಲು ತಯಾರಿದ್ದಳು. ಅವನು ಹೇಳಲಿಲ್ಲ.

"ನನಗ ಉಳಿದದ್ದು ಒಂದು ಕೈ," ಅಂದ. "ನಿನಗ ಎರಡು ಅವ. ಒಂದು ಹೋದ್ರ ನಿನಗ ಇನ್ನೊಂದು ಉಳೀತದ. ಲೆಕ್ಕ ಸರಿ ಅದನೋ ಇಲ್ಲೋ?"

ಅವಳು ಎದ್ದು ಬಲಗಾಲಿಯ ಪಕ್ಕ ಹೋಗಿ ಕುಳಿತಳು. ಅಂದು ಅವಳಿಗೆ ಅವನ ಮಾತು ಬೇಕಾಗಲಿಲ್ಲ. ಎಡಭಾಗದಲ್ಲಿ ಮಾಡಿದ್ದನ್ನೇ ಬಲಭಾಗದಲ್ಲಿ ಮಾಡಿದಳು. ಸ್ಪ್ರಿಂಗಿಗೆ ಚೈನು ಎರಡು ಸುತ್ತು ಸುತ್ತಿದಳು. ಅವನು ಪಟ್ಟಿಯಿಂದ ಕುರ್ಚಿಯ ಕೈ ಬಡಿಯುತ್ತ ಕುಳಿತಿದ್ದ, ತಪ್ಪು ಹುಡುಕುತ್ತಿದ್ದ, ಸಿಗದಿದ್ದಾಗ ಅವನ ದವಡೆ ಬಿಗಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಗಾಲಿ ಏರಿಸುವುದೊಂದು, ತಲೆಯ ನಡುವಿನ ನಟ್ಟನ್ನು ಕೊನೆಯ ಬಿಗಿ ಬಿಗಿಯುವುದೊಂದು ಉಳಿಯಿತು. ಆ ನಟ್ಟಿನ ಸ್ವಭಾವ ಬೇರೆ. ಪಾನಾದಿಂದ ತಿರುವಿದರೆ ಒಳಗಿನ ಸರಳೂ ಅದರ ಜತೆಗೆ ತಿರುಗುತ್ತದೆ. ಒಂದು ಕೈಯಲ್ಲಿ ಎಲ್ ಆಕಾರದ ಸಣ್ಣ ಕೀಲಿಯಿಂದ ಸರಳು ಹಿಡಿದು ಇನ್ನೊಂದು ಕೈಯಲ್ಲಿ ನಟ್ಟು ತಿರುವಬೇಕು. ಎಡಭಾಗದ್ದು ಹಾಗೆಯೇ ಬಿಗಿದಿತ್ತು. ಬಲಭಾಗದ್ದು ಕೊನೆಯ ಕಾಲು ಸುತ್ತಿಗೆ ಅವಳ ಒಂದು ಕೈಯ ಬಲಕ್ಕೆ ಬಗ್ಗಲಿಲ್ಲ.

"ಈ ಕೀಲಿ ಜರಾ ಹಿಡೀರಿ. ನಾ ಎರಡೂ ಕೈಲೆ ತಿರುವ್ತೇನಿ."

"ಅದು ನನ್ನ ಕೆಲಸ ಅಲ್ಲ," ಅಂದ ಅವನು.

"ಎಡಗೈಲೇ ಹಿಡೀರಿ ಅಂದೆ."

"ಕೈಗಿ ಬಾಯಿ ಬಂತು ನೋಡು." ಅವನು ಎದ್ದು ಒಳಗೆ ಹೋದ.

ಅವಳು ಆದಷ್ಟು ಬಿಗಿದು ಬಿಟ್ಟಳು.

ಶುಕ್ರವಾರ ಸಂಜೆ ಶಿವರಾಜಪ್ಪ ಬಂದಾಗ ಸೀರೆಗಳು ಹಗ್ಗದಿಂದ ಇಳಿದಿದ್ದವು. ಶಾಲುಬಾಯಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಮಚ್ಛೇಂದ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೊಸ ಟವೆಲನ್ನು ಬಲಗೈ ಮೇಲೆ ಇಳಿಬಿಟ್ಟುಕೊಂಡಿದ್ದ. ಶಿವರಾಜಪ್ಪ ಕಾರಿನ ಮೂಗನ್ನು ಅದುಮಿ ಬಿಟ್ಟ. ಅದು ಒಮ್ಮೆ ಏರಿ ಅಲ್ಲೇ ನಿಂತಿತು. ಅವನ ಮುಖ ಅರಳಿತು.

"ಶಾಬಾಸ್! ಎಷ್ಟ ದಿನ ಹಿಡೀತು?"

"ಮೂರು ದಿನಾ ರಿ. ನಾ ಒಬ್ಬನೇ ಇದ್ದೆನಲ್ರಿ, ತಡಾ ಆಯ್ತು."

"ಆಕಿ ಕೈ ಯಾಕ ಹಂಗ ಕರ್ರಗ ಆಗ್ಯಾವ?"

ಮಚ್ಛೇಂದ್ರ ತಿರುಗಿಯೂ ನೋಡಲಿಲ್ಲ. "ಎಣ್ಣಿ ಅರಿವಿ ತೊಳದಾಳ್ರಿ. ಮತ್ತೇನು ಬರ್ತದ ಆಕಿಗಿ?"

ಶಿವರಾಜಪ್ಪ ಕಾರು ತೆಗೆದುಕೊಂಡು ಊರಾಚೆಯ ಕೊಳಾರದ ರಸ್ತೆಯ ತನಕ ಹೋಗಿ ಬಂದ. ಅರ್ಧ ಗಂಟೆ ಆಯಿತು. ಅಷ್ಟರೊಳಗೆ ಓಣಿಯವರೆಲ್ಲ ಸೇರಿದ್ದರು. ಇಳಿದವನೇ ಬಾನೆಟ್ಟು ಎತ್ತಿ ಬಲಮಗ್ಗುಲನ್ನು ಬೆರಳಿನಿಂದ ತೋರಿಸಿದ.

"ಗಾಡಿ ಹೂವಿನ್ಹಂಗ ಹೋಗ್ತದ. ಆದ್ರ ಸ್ಪೀಡ್ ಬ್ರೇಕರಿಗೆ ಇಲ್ಲಿ ಒಂದು ಟಕ್ ಅಂತದ. ಬಿಗಿ ಮಾಡು."

"ನಾಳಿ ಮುಂಜಾನಿ ಮಾಡ್ತೇನ್ರಿ ಸಾವ್ಕಾರ್ರ."

"ನಾಳಿ ಯಾಕ? ಒಂದು ನಟ್ಟು. ಈಗ ಮಾಡು, ನಾ ನಿಂತು ನೋಡ್ತೇನಿ."

ಮಚ್ಛೇಂದ್ರ ಎಡಗೈಯಲ್ಲಿ ಪಾನಾ ಹಿಡಿದು ನಟ್ಟಿನ ಮೇಲಿಟ್ಟು ತಿರುವಿದ. ನಟ್ಟಿನ ಜತೆ ಸರಳೂ ತಿರುಗಿತು. ಕೀಲಿಯನ್ನು ಸರಳಿನ ತುದಿಗೆ ಸಿಕ್ಕಿಸಿ ಟವೆಲು ಸುತ್ತಿದ ಕೈಯಿಂದ ಒತ್ತಿದ. ಕೀಲಿ ಜಾರಿ ಎಂಜಿನ್ನಿನ ಸಂದಿಯಲ್ಲಿ ಬಿತ್ತು. ತೆಗೆದು ಮತ್ತೆ ಸಿಕ್ಕಿಸಿದ. ಮತ್ತೆ ಬಿತ್ತು. ಅವನ ಬೆನ್ನ ಮೇಲಿನ ಅಂಗಿ ಒದ್ದೆಯಾಗುತ್ತಿತ್ತು. ಒಮ್ಮೆ ಬಾಗಿಲ ಕಡೆ ನೋಡಿದ.

"ಏ ಶಾಲು. ಬಾ ಇಲ್ಲಿ."

ಅವಳು ಬರಬಹುದಿತ್ತು. ನಾಲ್ಕು ಹೆಜ್ಜೆ. ಬಂದು ಏನೂ ಗೊತ್ತಿಲ್ಲದವಳಂತೆ ಕೀಲಿ ಹಿಡಿದಿದ್ದರೆ ಅವನ ಮಾನ ಉಳಿಯುತ್ತಿತ್ತು, ಅವಳಿಗೂ ಅದು ತಿಳಿದಿತ್ತು.

"ನಾ ಬಂದು ಏನು ಮಾಡ್ಲಿ ರಿ?" ಅಂದಳು ಬಾಗಿಲಿನಿಂದಲೇ. "ನಾ ಅರಿವಿ ತೊಳ್ಯಾಕಿ."

ಆಗ ಮಚ್ಛೇಂದ್ರ ಮಾಡಿದ್ದನ್ನು ಆ ಓಣಿಯವರು ಬಹಳ ದಿನ ಹೇಳಿಕೊಂಡು ನಗುತ್ತಿದ್ದರು. ಅವನು ಬಾನೆಟ್ಟಿನೊಳಗೆ ತಲೆ ತೂರಿಸಿ ಕೀಲಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಎಡಗೈಯಿಂದ ಪಾನಾ ಎಳೆದ. ಸರಳು ತಿರುಗಿ ಕೀಲಿ ಅವನ ದವಡೆಗೆ ಬಡಿಯಿತು. ತುಟಿ ಸೀಳಿ ರಕ್ತ ಹೊಸ ಕಂಬದ ಮೇಲೆ ಬಿತ್ತು. ಟವೆಲು ಕೈಯಿಂದ ಜಾರಿತು.

ಶಿವರಾಜಪ್ಪ ಅವನ ಮಣಿಕಟ್ಟು ಹಿಡಿದು ಎತ್ತಿ ಎಲ್ಲರಿಗೂ ತೋರಿಸುವವನಂತೆ ನೋಡಿದ.

"ಇದೇನೋ! ಬೆರಳೇ ಇಲ್ಲ! ಲೂಲಾ ಇದ್ದಿ ನೀ. ಲೂಲಾ ಮನಶಾನ ಕೈಗಿ ನನ್ನ ಗಾಡಿ ಕೊಟ್ಟೀನಿ?" ಅವನು ನಗತೊಡಗಿದ, ಸುತ್ತಲಿನವರೂ ನಕ್ಕರು. "ಮತ್ತ ಇದೆಲ್ಲಾ ಮಾಡಿದವ್ರು ಯಾರು?"

"ಇನ್ನ್ಯಾರ್ರಿ, ಆಕೀನೇ," ಅಂದಳು ಗೋಡೆಯಾಚೆಯ ಕೇಶರಬಾಯಿ. "ಮೂರು ದಿನ ಸೀರಿ ಸಂದಿಲೆ ನೋಡೀನ್ರಿ. ಪಟ್ಟಿಲೆ ಹೊಡದು ಹೊಡದು ಮಾಡಿಸ್ಯಾನ."

ಶಿವರಾಜಪ್ಪನ ನಗು ನಿಂತಿತು. ಅವನು ಶಾಲುಬಾಯಿಯನ್ನು ಅಡಿಯಿಂದ ಮುಡಿಯ ತನಕ ನೋಡಿದ. "ಬಾ. ಬಿಗಿ ಮಾಡು ನೋಡೂಣು."

ಅವಳು ಬಂದಳು. ಗಂಡನ ಕಾಲ ಬಳಿ ಬಿದ್ದ ಕೀಲಿಯನ್ನು ಎತ್ತಿ ಸೆರಗಿನಿಂದ ರಕ್ತ ಒರೆಸಿ ಸರಳಿಗೆ ಸಿಕ್ಕಿಸಿದಳು. ಕೇಶರಬಾಯಿಯನ್ನು ಕರೆದು ಕೀಲಿ ಹಿಡಿಸಿದಳು. ತಾನು ಎರಡೂ ಕೈಯಿಂದ ಪಾನಾ ಎಳೆದಳು. ನಟ್ಟು ಕಾಲು ಸುತ್ತು ತಿರುಗಿ ಕೂತಿತು. ಮಚ್ಛೇಂದ್ರ ಅಲ್ಲೇ ತುಟಿ ಹಿಡಿದುಕೊಂಡು ನಿಂತಿದ್ದ. ಅವಳ ಒಳಗೆ ಎಲ್ಲೋ ತಣ್ಣಗಾಗಿತ್ತು, ಬಹಳ ದಿನದ ಮೇಲೆ ಹೊಟ್ಟೆ ತುಂಬ ನೀರು ಕುಡಿದ ಹಾಗೆ.

ಶಿವರಾಜಪ್ಪ ಮತ್ತೊಂದು ಸುತ್ತು ಹೋಗಿ ಬಂದ. ಸದ್ದು ಹೋಗಿತ್ತು. ಮಾತಾಡಿದ್ದ ಕೂಲಿಯಲ್ಲಿ ಅರ್ಧವನ್ನು ಮಚ್ಛೇಂದ್ರನ ಅಂಗಿಯ ಜೇಬಿಗೆ ತುರುಕಿದ.

"ಅರ್ಧಾ ಕೈಗಿ ಅರ್ಧಾ ಪಗಾರ," ಅಂದ. ಶಾಲುಬಾಯಿಯ ಕಡೆ ತಿರುಗದೆ ಕಾರು ಹತ್ತಿದ. ಕಾರು ಸದ್ದಿಲ್ಲದೆ ಗುಂಡಿಗಳ ಮೇಲೆ ತೇಲಿ ಹೋಯಿತು.

ಮರುದಿನ ಗುಜರಿಯವನ ತಳ್ಳುಬಂಡಿ ಬಂದಾಗ ಮಚ್ಛೇಂದ್ರ ತನ್ನ ಸಾಮಾನಿನ ಪೆಟ್ಟಿಗೆಯನ್ನು ಹೊರಗೆ ಎಳೆದು ಹಾಕಿದ. ಪುಣೆಯ ಹತ್ತೊಂಬತ್ತು ವರ್ಷದ ಪಾನಾಗಳು ಅದರಲ್ಲಿದ್ದವು. ಗುಜರಿಯವನೇ "ಇವು ಛಲೋ ಅವಲ್ರಿ," ಅಂದ. "ತೂಕಕ್ಕ ಹಾಕು," ಅಂದ ಮಚ್ಛೇಂದ್ರ. ಶಾಲುಬಾಯಿ ಬಂಡಿಗೆ ಅಡ್ಡ ನಿಂತಳು. ಅವನು ಅವಳ ಜಡೆ ಹಿಡಿದು ಪಕ್ಕಕ್ಕೆ ಎಳೆದ. ಬಂಡಿ ಗಡಗಡ ಸದ್ದು ಮಾಡುತ್ತ ತಿರುವು ದಾಟುವ ತನಕ ಬಿಡಲಿಲ್ಲ.

ಮೂರು ವಾರ ಅವನು ಅವಳೊಂದಿಗೆ ಮಾತಾಡಲಿಲ್ಲ. ಒಂದು ಮಧ್ಯಾಹ್ನ ಟ್ಯಾಂಕರಿನಿಂದ ಕೊಡ ತುಂಬಿಕೊಂಡು ಅವಳು ಒಳಗೆ ಬರುವಾಗ ಅವನ ಫೋನು ರಿಂಗಾಯಿತು. ಶಿವರಾಜಪ್ಪನ ದೊಡ್ಡ ದನಿ ಹೊರಗಿನ ತನಕ ಕೇಳುತ್ತಿತ್ತು.

"ಔರಾದದಾಗ ನಮ್ಮ ಭಾವ ಹಾವಗೆಪ್ಪನ ಟ್ರ್ಯಾಕ್ಟರ್ ಗ್ಯಾರೇಜ್ ಅದ. ಮೇಸ್ತ್ರಿಗೋಳು ಎಲ್ಲಾ ಹೈದ್ರಾಬಾದಿಗೆ ಹೋಗ್ಯಾರ. ನೀರಿನ ಟ್ಯಾಂಕರ್ ಎಳೆಯೂ ಗಾಡಿಗೋಳು ಸಾಲು ಹಚ್ಚಿ ನಿಂತಾವ. ಆ ಹೆಣ್ಮಗಳ್ನ ಕಳಸ್ತಿ ಏನು?"

ಮಚ್ಛೇಂದ್ರ ಹೆಂಡತಿಯ ಮುಖವನ್ನೇ ನೋಡುತ್ತ ಹೇಳಿದ: "ಆಕಿ ಸತ್ತಾಳ್ರಿ."

"ಆಂ? ಯಾವಾಗ?"

"ಹೋದ ವಾರ. ಹಾವು ಕಡೀತ್ರಿ." ಫೋನು ಇಟ್ಟ.

ಶಾಲುಬಾಯಿ ಕೊಡ ಇಳಿಸಿದಳು. ಮೊದಲು ತಾನು ಒಂದು ಲೋಟ ನೀರು ಕುಡಿದಳು. ಆಮೇಲೆ ಟ್ಯಾಂಕರ್ ಹೋಗುವ ಮುನ್ನ ಮನೆಯಲ್ಲಿದ್ದ ಕೊಡ, ಬಕೀಟು, ತಪ್ಪಲೆ ಎಲ್ಲವನ್ನೂ ತುಂಬಿಸಿಟ್ಟಳು. ಮರುದಿನ ಬೆಳಿಗ್ಗೆ ಔರಾದದ ಬಸ್ಸು ಹತ್ತಿದಳು.

ಹಾವಗೆಪ್ಪ ಅವಳ ಮಾತು ಕೇಳಿ ಬಾಯಿಂದ ತಂಬಾಕು ಉಗುಳಿದ. "ಸತ್ತಿ ಅಂತ ಹೇಳಿದ್ರಲ್ಲ! ಇರ್ಲಿ. ಗ್ಯಾರೇಜಿನ ಮುಂದ ಬರಬ್ಯಾಡ. ಹಿಂದಿನ ಶೆಡ್ಡಿನ್ಯಾಗ ಮಾಡು. ಗಿರಾಕಿ ಕೇಳಿದ್ರ ನರಸಿಂಗ ಮಾಡ್ಯಾನ ಅಂತೀವಿ." ನರಸಿಂಗ ಎಂದರೆ ಕಣ್ಣಿಗೆ ಪೊರೆ ಬಂದು ಗ್ಯಾರೇಜಿನ ಮುಂದೆ ಸುಮ್ಮನೆ ಕೂರುತ್ತಿದ್ದ ಹಳೆಯ ಮೇಸ್ತ್ರಿ. ಅವಳು ಒಪ್ಪಿದಳು. ರಾತ್ರಿಗೆ ಸಂತಪುರದ ತವರಿನಲ್ಲಿ ಇರುತ್ತಿದ್ದಳು. ಬೆಳಿಗ್ಗೆ ಸಂತಪುರದ ಸ್ಟ್ಯಾಂಡಿನಲ್ಲಿ ಹೈದರಾಬಾದಿನ ಬಸ್ಸಿಗೆ ಗಂಟುಮೂಟೆ ಏರಿಸುವವರ ನಡುವೆ ನುಗ್ಗಿ ಅವಳು ಔರಾದದ ಬಸ್ಸು ಹಿಡಿಯುತ್ತಿದ್ದಳು. ಕ್ಲಚ್ಚು, ಬ್ರೇಕು, ಗೇರಿನ ಪೆಟ್ಟಿಗೆ; ಕಂಡು ಕಲಿತಳು, ಕೆಡಿಸಿ ಕಲಿತಳು. ವಾರದ ಕೂಲಿಯನ್ನು ತನ್ನ ಕೈಯಲ್ಲೇ ಪಡೆದಳು.

ಜೂನಿನ ಮೊದಲ ವಾರ ಮಚ್ಛೇಂದ್ರ ಶೆಡ್ಡಿಗೆ ಬಂದ. ಗಡ್ಡ ಬೆಳೆದಿತ್ತು. ಕೊಡ ಹೊತ್ತು ಹೊತ್ತು ಎಡಗೈಯ ಅಂಗೈ ಬೊಬ್ಬೆ ಎದ್ದಿತ್ತು. ಅವಳು ಒಂದು ಟ್ರ್ಯಾಕ್ಟರಿನ ಹಿಂಗಾಲಿಯ ಅಚ್ಚು ಕೂರಿಸುತ್ತಿದ್ದಳು. ಅವನು ಬಹಳ ಹೊತ್ತು ನಿಂತು ನೋಡಿದ.

"ಆ ಎಣ್ಣಿ ಸೀಲ್ ಉಲ್ಟಾ ಹಾಕೀದಿ," ಅಂದ.

ಅವಳು ಬೆರಳಿಟ್ಟು ನೋಡಿದಳು. ಖರೆ, ಉಲ್ಟಾ ಇತ್ತು. ತೆಗೆದು ಸರಿಯಾಗಿ ಕೂರಿಸಿದಳು.

"ಶಾಲು, ಹಾವಗೆಪ್ಪಗ ಹೇಳು. ನಾ ಬಾಜೂಕ ಕೂತು ಹೇಳಿಕೊಡ್ತೇನಿ, ನೀ ಮಾಡು. ಹೊಡಿಯೂದಿಲ್ಲ. ಇಬ್ರೂ ಕೂಡಿದ್ರ ಈ ಜಿಲ್ಲಾದಾಗ ನಮ್ಮಂಥಾ ಮೇಸ್ತ್ರಿ ಇರೂದಿಲ್ಲ."

ಅವನು ಸುಳ್ಳಾಡುತ್ತಿರಲಿಲ್ಲ. ಅವಳಿಗೆ ತಿಳಿಯದ್ದು ಬಹಳ ಇತ್ತು, ಅದೆಲ್ಲ ಅವನ ತಲೆಯಲ್ಲಿತ್ತು. ಅವನ ಕಣ್ಣು ತುಂಬಿದ್ದವು. ಹನ್ನೆರಡು ವರ್ಷದಲ್ಲಿ ಅವಳು ಅದನ್ನು ಕಂಡದ್ದು ಅದೇ ಮೊದಲು.

ಮುಂದಿನಿಂದ ಹಾವಗೆಪ್ಪ ಕೂಗಿದ: "ಯಾರದು ಒಳಗ?"

"ಯಾರೂ ಇಲ್ರಿ," ಅಂದಳು ಶಾಲುಬಾಯಿ. "ಭಿಕ್ಷಾದಾಂವ ಬಂದಾನ. ಹೋಗ್ತಾನ."

 ಮಚ್ಛೇಂದ್ರ ಹಿಂದಿನ ಬೇಲಿಯ ಸಂದಿಯಿಂದ ಹೋದ. ಅವಳು ಕೆಲಸ ಮುಂದುವರಿಸಿದಳು. ಆ ಮಾತು ಒಂದಿಷ್ಟೂ ತಡವರಿಸದೆ ತನ್ನ ಬಾಯಿಗೆ ಬಂತಲ್ಲ ಎಂದು ಮೂರನೆಯ ಬೋಲ್ಟಿಗೆ ಬಂದಾಗ ಅವಳಿಗೆ ಹೊಳೆಯಿತು.  ಪಾನಾ ಕೆಳಗಿಟ್ಟು ಟೈರಿನ ಮೇಲೆ ಕುಳಿತಳು. ಅಳು ಬರುತ್ತದೇನೋ ಎಂದು ಕಾದಳು, ಬರಲಿಲ್ಲ. ಅವನು ಯಾವುದೋ ಕೂಲಿಯ ಗುಂಪಿನೊಂದಿಗೆ ಹೈದರಾಬಾದಿಗೆ ಹೋದನೆಂದೂ, ಅಲ್ಲಿ ಕಟ್ಟಡವೊಂದರ ಗೇಟು ಕಾಯುತ್ತಾನೆಂದೂ ಆಮೇಲೆ ಕೇಶರಬಾಯಿಯಿಂದ ತಿಳಿಯಿತು.

ಆ ವರ್ಷ ಮಳೆ ಬಂತು. ಮೂರು ವರ್ಷದ್ದು ಕೂಡಿಸಿಟ್ಟಂತೆ ಬಂತು. ಸೆಪ್ಟೆಂಬರಿನಲ್ಲಿ ಕೆರೆಗಳು ಒಡೆಯುವಷ್ಟು ತುಂಬಿದವು, ಸಂತಪುರದ ಹೊಲಗಳಲ್ಲಿ ಮೊಣಕಾಲ ನೀರು ನಿಂತಿತು. ನೀರಿನ ಟ್ಯಾಂಕರುಗಳು ಗ್ಯಾರೇಜಿನ ಹಿತ್ತಲಲ್ಲಿ ಬಾಯಿ ಮೇಲೆ ಮಾಡಿ ಬಿದ್ದವು. ಊರು ಬಿಟ್ಟವರು ಒಬ್ಬೊಬ್ಬರೇ ಮರಳಿದರು; ಮೇಸ್ತ್ರಿಗಳೂ ಬಂದರು. ಒಂದು ಶನಿವಾರ ಹಾವಗೆಪ್ಪ ಅವಳ ವಾರದ ಕೂಲಿ ಕೊಟ್ಟು, ತಲೆ ಎತ್ತದೆ ಹೇಳಿದ:

"ಸೋಮವಾರದಿಂದ ಬರಬ್ಯಾಡ. ಗಂಡಸರು ಬಂದಾರ. ಅವರ ನಡುವ ಹೆಣ್ಮಗಳ್ನ ಇಟ್ಟರ ಛಲೋ ಕಾಣೂದಿಲ್ಲ."

"ನನ್ನ ಕೆಲಸದಾಗ ಏನರ ಕೊರತಿ ಇತ್ತೇನ್ರಿ?"

"ಕೆಲಸ ನರಸಿಂಗ ಮಾಡ್ಯಾನ," ಅಂದ ಹಾವಗೆಪ್ಪ. "ಊರೆಲ್ಲಾ ಹಂಗೇ ತಿಳದಾರ."

ಮುಂದೆ ಕುಳಿತಿದ್ದ ನರಸಿಂಗ ಮುದುಕ ಕೇಳಿಯೂ ಕೇಳದವನಂತೆ ರಸ್ತೆಯ ಕಡೆ ಮುಖ ಮಾಡಿದ.

ಸೋಮವಾರ ಬೆಳಿಗ್ಗೆ ಸಂತಪುರದ ಸ್ಟ್ಯಾಂಡಿಗೆ ಹೈದರಾಬಾದಿನಿಂದ ಬಂದ ಬಸ್ಸು ತುಂಬಿ ತುಳುಕುತ್ತಿತ್ತು. ಟ್ರಂಕು, ಹಾಸಿಗೆ, ಮಕ್ಕಳನ್ನು ಇಳಿಸಿಕೊಳ್ಳುತ್ತ ಜನ ಕೆಸರಿನಲ್ಲೇ ನಗುತ್ತಿದ್ದರು, ಒಬ್ಬರನ್ನೊಬ್ಬರು ಕೂಗುತ್ತಿದ್ದರು. ಅವಳ ತಾಯಿ ಶೇವಂತಾಬಾಯಿ ರೊಟ್ಟಿಯ ಗಂಟನ್ನು ಕೈಗಿಟ್ಟು, "ಎಲ್ಲಾರೂ ಬರ್ಲತ್ತಾರ, ನೀ ಒಬ್ಬಾಕಿ ಹೋಗ್ಲತ್ತಿ," ಅಂದಳು. "ಬಂದವರ ಜಾಗಾ ಅಲ್ಲಿ ಖಾಲಿ ಇರ್ತಾವಲ್ಲ, ಗ್ಯಾರೇಜಿನ್ಯಾಗ ಕೇಳ್ತೇನಿ," ಅಂದಳು ಶಾಲುಬಾಯಿ. ಎಲ್ಲರೂ ಇಳಿದ ಮೇಲೆ, ಬಸ್ಸು ಮತ್ತೆ ಹೈದರಾಬಾದಿನ ಕಡೆ ತಿರುಗಿ ನಿಂತಾಗ ಹತ್ತಿ, ಕಿಟಕಿಯ ಪಕ್ಕ ಕುಳಿತು ಟಿಕೆಟು ಕೇಳಿದಳು.